ಮಳೆನಾಡಿನಲ್ಲೂ ಕಣ್ಣು ಒಣಗುತ್ತದೆ

ತೀರ್ಥಹಳ್ಳಿಯಲ್ಲಿ ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಮೈಯೆಲ್ಲಾ ನೋವು, ಸುಸ್ತು ತರುವ ಫೈಬ್ರೊಮಯಾಲ್ಜಿಯಾ ಅನ್ನುವ ದೀರ್ಘಕಾಲದ ಕಾಯಿಲೆ ಬಂದ ಮೇಲೆ ಆ ನೋವು, ಸುಸ್ತಿನ ಜೊತೆ ಹೇಗೋ ಹೊಂದಿಕೊಂಡೆ. ಆದರೆ ಕಣ್ಣಿನ ಉರಿ, ಮಂಜು, ಬೆಳಕು ಕಂಡರೆ ಆಗದಿರುವುದು ಇವು ಕೆಲಸಕ್ಕೇ ಅಡ್ಡ ಬಂದವು. "ಇಷ್ಟು ಮಳೆ ಹೊಡೆಯುವ ಊರಲ್ಲಿ ಕಣ್ಣು ಒಣಗೋದು ಹೆಂಗೆ?" ಅಂತ ಅತ್ತೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಟ್ಟರು. ಶರ್ಮರ್ ಟೆಸ್ಟ್ ಅಂತಾರೆ. ಪಟ್ಟಿ 5 ಮಿಲಿಮೀಟರೂ ಒದ್ದೆಯಾಗದಿದ್ದರೆ ಕಣ್ಣೀರು ತೀರಾ ಕಡಿಮೆ ಅಂತ ಲೆಕ್ಕ. ಬಾಯಿಯೂ ಒಣಗುತ್ತಿದ್ದುದರಿಂದ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಶೋಗ್ರೆನ್ಸ್ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಅದು ಇರಲಿಲ್ಲ. ಈ ಪರೀಕ್ಷೆಗಳನ್ನು ತಪ್ಪಿಸಬಾರದು ಅನ್ನುವುದು ನನ್ನ ಮಾತು. ಎಲ್ಲವನ್ನೂ ಫೈಬ್ರೊ ತಲೆಗೆ ಕಟ್ಟಿ ಸುಮ್ನೆ ಕೂತರೆ ಬೇರೆ ಕಾಯಿಲೆ ಒಳಗೇ ಉಳಿದುಬಿಡಬಹುದು.

ಆಮೇಲೆ ಡಾಕ್ಟರು ಔಷಧಿ ಚೀಟಿ ನೋಡಿದರು. ನಿದ್ದೆಗೆ, ನೋವಿಗೆ ಅಂತ ರಾತ್ರಿ ತಗೊಳ್ಳುತ್ತಿದ್ದ ಅಮಿಟ್ರಿಪ್ಟಿಲಿನ್ ಕಣ್ಣು, ಬಾಯಿ ಎರಡನ್ನೂ ಒಣಗಿಸುತ್ತದೆ. ಹತ್ತಿರದ್ದು ಮಂಜಾಗುವುದಕ್ಕೂ ಅದು ಕಾರಣವಾಗಬಹುದು. ಫೈಬ್ರೊ ನೋವಿಗೆ ಕೊಡುವ ಇನ್ನೊಂದು ಮಾತ್ರೆ ಪ್ರಿಗಬಾಲಿನ್ ಕೆಲವರಿಗೆ ಒಂದನ್ನು ಎರಡಾಗಿ ಕಾಣಿಸುತ್ತದಂತೆ. ನಾನಾಗಿ ಮಾತ್ರೆ ನಿಲ್ಲಿಸಲಿಲ್ಲ. ನೋವಿನ ಡಾಕ್ಟರ ಹತ್ತಿರ ಹೋದೆ, ಅವರೇ ಪ್ರಮಾಣ ಇಳಿಸಿದರು. ಸೂಜಿಗೆ ದಾರ ಪೋಣಿಸುವುದು ಅಲ್ಲಿಂದ ಸ್ವಲ್ಪ ಸುಲಭವಾಯಿತು.

ಒಣಗುವುದಕ್ಕೆ ಕಣ್ಣೀರಿನ ಡ್ರಾಪ್ಸ್ ಇದೆ. ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಕಾಗುವವರು ಪ್ರಿಸರ್ವೇಟಿವ್, ಅಂದರೆ ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ, ಇಲ್ಲದ್ದನ್ನೇ ಕೇಳಿ ತಗೊಳ್ಳಬೇಕು. ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಅದೇ ಉರಿ ತರುತ್ತದೆ. ರೇಟು ಜಾಸ್ತಿ, ಏನು ಮಾಡೋದು. ಬೆಳಿಗ್ಗೆ ಹಂಡೆಯ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಒಂದಷ್ಟು ಹೊತ್ತು ಇಡುತ್ತೇನೆ, ಚರ್ಮ ತಡೆಯುವಷ್ಟೇ ಬಿಸಿ. ರೆಪ್ಪೆಯಂಚಿನ ಗ್ರಂಥಿಗಳಲ್ಲಿನ ಎಣ್ಣೆ ಸಡಿಲವಾಗಿ ಹರಿದರೆ ಕಣ್ಣೀರು ಬೇಗ ಆರುವುದಿಲ್ಲ. ಆದರೆ ಹಂಡೆಗೆ ಉರಿ ಹಾಕುವುದು ಈಗ ಮನೆಯವರ ಪಾಲು. ಮಳೆಗಾಲದಲ್ಲಿ ಹಸಿ ಸೌದೆ, ಮುಚ್ಚಿದ ಕಿಟಕಿ. ಆ ಹೊಗೆಯೇ ಅತ್ತೆಯ ಪ್ರಶ್ನೆಗೆ ಅರ್ಧ ಉತ್ತರ. ಅಡಿಕೆ ಬೇಯಿಸುವ ದಿನಗಳಲ್ಲಂತೂ ಒಲೆಯ ಹತ್ತಿರ ಸುಳಿಯುವುದಿಲ್ಲ. ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣ ಮೇಲೆ ಇಟ್ಟುಕೊಂಡರೆ ತಂಪು, ಅದಕ್ಕೆ ನನ್ನ ತಕರಾರಿಲ್ಲ. ಅದರ ರಸವನ್ನು ಕಣ್ಣೊಳಗೆ ಹಿಂಡುವುದು ಮಾತ್ರ ಬೇಡವೇ ಬೇಡ.

ಬೆಳಕಿನದು ಬೇರೆಯೇ ಕಥೆ. ಇದಕ್ಕೆ ಡ್ರಾಪ್ಸ್ ಅಷ್ಟಾಗಿ ಸಹಾಯಕ್ಕೆ ಬರಲಿಲ್ಲ. ಫೈಬ್ರೊ ಇದ್ದವರ ನರಮಂಡಲ ಮೈಮೇಲೆ ಬೀಳುವ ಒತ್ತಡ, ಸದ್ದು, ಬೆಳಕು ಎಲ್ಲವನ್ನೂ ಜಾಸ್ತಿ ಮಾಡಿಕೊಂಡು ಗ್ರಹಿಸುತ್ತದೆ. ಕಣ್ಣಿನಲ್ಲಿ ದೋಷ ಕಾಣದಿದ್ದರೂ ಬೆಳಕು ಚುಚ್ಚಬಹುದು. ಮನೆಯೊಳಗೆ ಕಪ್ಪು ಕನ್ನಡಕ ಹಾಕಬೇಡಿ ಅಂತ ಡಾಕ್ಟರು ಖಂಡಿತವಾಗಿ ಹೇಳಿದರು. ಕಣ್ಣು ಕತ್ತಲೆಗೇ ಒಗ್ಗಿ, ಹೊರಗಿನ ಬೆಳಕು ಇನ್ನೂ ಸಹಿಸಲಾಗದಂತಾಗುತ್ತದೆ. ಬದಲಿಗೆ ಎಫ್‌ಎಲ್-41 ಅನ್ನುವ ತೆಳು ಗುಲಾಬಿ ಬಣ್ಣದ ಗಾಜು ಹಾಕಿಸಿಕೊಂಡೆ. ಮೈಗ್ರೇನ್‌ನವರೂ ಅದನ್ನು ಬಳಸುತ್ತಾರೆ. ಅಂಗಡಿಯ ಬರಿ ಎಲ್‌ಇಡಿ ಬಲ್ಬು ತೆಗೆದು, ಮರೆ ಇರುವ ದೀಪವನ್ನು ಎಡಬದಿಗೆ, ಭುಜದ ಹಿಂದೆ ಇಟ್ಟೆ. ಬೆಳಕು ಬಟ್ಟೆಯ ಮೇಲೆ ಬೀಳಬೇಕು, ಕಣ್ಣಿಗಲ್ಲ. ಸೂಜಿಯ ಹಿಂದೆ ಬಿಳಿ ಕಾಗದ ಹಿಡಿದರೆ ರಂಧ್ರ ಬೇಗ ಕಾಣುತ್ತದೆ.

ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ ಕಡೆ ಮರಗಳ ಸಂದಿಯಿಂದ ಬಿಸಿಲು ಮಿಣಮಿಣ ಅನ್ನುತ್ತದಲ್ವಾ, ನನಗೆ ಅದು ಬಲು ಕಷ್ಟ. ಬಿಸಿಲು ಬೀಳದ ಬದಿಯಲ್ಲಿ ಕೂತು, ಅಂಚಿರುವ ಟೋಪಿ ಹಾಕಿ ಕಣ್ಣು ಮುಚ್ಚಿಬಿಡುತ್ತೇನೆ. ಮಲಗಿದ್ದಾಳೆ ಅಂದುಕೊಳ್ಳಲಿ.

ಕಪ್ಪು, ಮರೂನ್ ಬಟ್ಟೆ ಬೆಳಿಗ್ಗೆ ಮಾತ್ರ. ನಿದ್ದೆ ಕೆಟ್ಟ ಮರುದಿನ ಹುಕ್ಕು, ಕಾಜಾ ಕೆಲಸವನ್ನೇ ಇಟ್ಟುಕೊಳ್ಳುವುದಿಲ್ಲ. ಮದುವೆ ಸೀಸನ್‌ನಲ್ಲಿ ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಾಯುವುದಿಲ್ಲ. ದೃಷ್ಟಿ ಇದ್ದಕ್ಕಿದ್ದಂತೆ ಕಡಿಮೆಯಾದರೆ, ಅಥವಾ ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅವತ್ತೇ ಆಸ್ಪತ್ರೆಗೆ. ಅಮಿಟ್ರಿಪ್ಟಿಲಿನ್ ತಗೊಳ್ಳುವ ಕೆಲವರಿಗೆ ಕಣ್ಣಿನ ಒತ್ತಡ ಹಾಗೆ ದಿಢೀರ್ ಏರುವುದುಂಟು. ಅದಕ್ಕೇ ಮಾತ್ರೆಗಳ ಹೆಸರು ಬರೆದ ಚೀಟಿ ಸದಾ ನನ್ನ ಪರ್ಸಿನಲ್ಲಿರುತ್ತದೆ.