ಜೀವವೈವಿಧ್ಯ ಸಮಿತಿಗೆ ಅಧ್ಯಕ್ಷರನ್ನು ಆರಿಸುವುದು ಹೇಗೆ?

‘ಪಂಚಾಯಿತಿ ಅಧ್ಯಕ್ಷರೇ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಅಧ್ಯಕ್ಷರೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ನಡಾವಳಿ ಪುಸ್ತಕದಲ್ಲಿ ಈ ಒಂದು ಸಾಲು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಊರಿನ ಗಿಡಮರ, ತಳಿಗಳನ್ನು ದಾಖಲಿಸಿ ಕಾಯಬೇಕಾದ ಈ ಸಮಿತಿಯ ಅಧ್ಯಕ್ಷರಿಗಾಗಿ ಆ ಊರಿನಲ್ಲಿ ಚುನಾವಣೆ ನಡೆದೇ ಇಲ್ಲ ಎಂದು ಆ ಸಾಲೇ ಹೇಳುತ್ತಿರುತ್ತದೆ.

ತಪ್ಪಿಗೆ ಮೂಲ ರೂಢಿ. 1993ರ ಪಂಚಾಯತ್ ರಾಜ್ ಕಾಯ್ದೆಯ 61ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಉತ್ಪಾದನಾ ಸಮಿತಿಗೂ ಸೌಕರ್ಯ ಸಮಿತಿಗೂ ಪಂಚಾಯಿತಿ ಅಧ್ಯಕ್ಷರು, ಸಾಮಾಜಿಕ ನ್ಯಾಯ ಸಮಿತಿಗೆ ಉಪಾಧ್ಯಕ್ಷರು ಪದನಿಮಿತ್ತ ಅಧ್ಯಕ್ಷರು. ಅಲ್ಲಿ ಆರಿಸುವ ಮಾತೇ ಇಲ್ಲ. ಅದೇ ಅಭ್ಯಾಸವನ್ನು ಜೀವವೈವಿಧ್ಯ ಸಮಿತಿಗೂ ಎಳೆದು ತರುತ್ತಾರೆ. ಆದರೆ ಈ ಸಮಿತಿ ಹುಟ್ಟಿದ್ದು ಬೇರೆ ಕಾನೂನಿನಿಂದ, 2002ರ ಜೀವವೈವಿಧ್ಯ ಕಾಯ್ದೆಯಿಂದ. ಅದರಡಿ ಬಂದ 2004ರ ನಿಯಮಗಳ (2024ರಲ್ಲಿ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ) 22ನೇ ನಿಯಮ ಹಾಕಿಕೊಟ್ಟಿದ್ದ ಕ್ರಮವೆಂದರೆ, ಸಮಿತಿಯ ಸದಸ್ಯರು ತಮ್ಮೊಳಗಿಂದಲೇ ಒಬ್ಬರನ್ನು ಅಧ್ಯಕ್ಷರಾಗಿ ಆರಿಸಬೇಕು.

ಮೊದಲು ಸದಸ್ಯರ ಪಟ್ಟಿ. 2004ರ ನಿಯಮದಲ್ಲಿದ್ದುದು ಅಧ್ಯಕ್ಷರು ಸೇರಿ 7 ಜನ. ಕಾಯ್ದೆಗೆ ಆದ 2023ರ ತಿದ್ದುಪಡಿ 7ರಿಂದ 11ರವರೆಗೆ ಅವಕಾಶ ಕೊಟ್ಟಿದೆ. ಆದ್ದರಿಂದ ಈಗ ಜಾರಿಯಲ್ಲಿರುವ ನಿಯಮದ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿ ಪಡೆದು, ಸಭೆಯಲ್ಲೇ ಗಟ್ಟಿಯಾಗಿ ಓದಿಸಿ. 22ನೇ ನಿಯಮದಲ್ಲಿ ಮಹಿಳೆಯರು ಮೂರನೇ ಒಂದಕ್ಕಿಂತ ಕಡಿಮೆಯಿರಬಾರದು, ಪರಿಶಿಷ್ಟ ಜಾತಿ–ಪಂಗಡದವರು ಶೇ 18ಕ್ಕಿಂತ ಕಡಿಮೆಯಿರಬಾರದು ಎಂದಿತ್ತು. ಈ ಲೆಕ್ಕದಲ್ಲೇ ಹೆಚ್ಚಿನವರು ಎಡವುತ್ತಾರೆ. 7ರಲ್ಲಿ ಮೂರನೇ ಒಂದು ಎಂದರೆ 2.33. ಇಬ್ಬರು ಮಹಿಳೆಯರಾದರೆ ಸಾಲದು, ಮೂವರು ಬೇಕು. ಶೇ 18 ಎಂದರೆ 1.26, ಅಂದರೆ ಇಬ್ಬರು. ಎಲ್ಲರ ಹೆಸರೂ ಸ್ಥಳೀಯ ಮತದಾರರ ಪಟ್ಟಿಯಲ್ಲಿರಬೇಕು. ಸಂಖ್ಯೆ ಬೆಸ ಇರಲಿ ಎಂಬುದು ನನ್ನ ಸಲಹೆ. ನಾಟಿ ವೈದ್ಯರು, ಬೇಸಾಯಗಾರರು, ಸೀಗೆ–ಉಪ್ಪಾಗೆ ಕೊಯ್ಯುವವರು, ಹೊಳೆಯ ಮೀನುಗಾರರು, ಇವರಿಲ್ಲದೆ ಬರೀ ಗುತ್ತಿಗೆದಾರರ ಹೆಸರು ತುಂಬಿದ ಪಟ್ಟಿಗೆ ದಯವಿಟ್ಟು ಸಹಿ ಹಾಕಬೇಡಿ.

ಚುನಾವಣಾ ಸಭೆಯ ನೋಟಿಸನ್ನು ಬರಹದಲ್ಲಿ ಕೊಡಿ, ಪ್ರತಿಯೊಬ್ಬರಿಂದಲೂ ಸ್ವೀಕೃತಿಯ ಸಹಿ ಪಡೆಯಿರಿ.

ಇನ್ನು ಚುನಾವಣೆಯ ಸಭೆ. ಇದನ್ನು ನಿಧಾನವಾಗಿ ನಡೆಸಬೇಕು. ಸಭೆಯ ಅಧ್ಯಕ್ಷತೆ ಪಂಚಾಯಿತಿ ಅಧ್ಯಕ್ಷರದು. ಆದರೆ ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಅವರಿಗೆ ಮೊದಲ ಸುತ್ತಿನ ಮತ ಬರುವುದಿಲ್ಲ. ಮತ ಸಮಿತಿಯ ಸದಸ್ಯರದು. ಇಬ್ಬರಿಗೆ ಸಮಸಮ ಮತ ಬಿದ್ದಾಗ ಮಾತ್ರ ಪಂಚಾಯಿತಿ ಅಧ್ಯಕ್ಷರು ನಿರ್ಣಾಯಕ ಮತ ಹಾಕಬೇಕು. 7 ಜನರಲ್ಲಿ ಒಬ್ಬರು ಬಾರದಿದ್ದರೆ 3–3 ಆಗುವುದು ಸುಲಭ, ಆಗ ಆ ಒಂದು ಮತವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಾನು ಕಂಡ ಒಂದು ಸಭೆಯಲ್ಲಿ ಎಣಿಕೆಗೂ ಮೊದಲೇ ‘ನನ್ನ ಮತ ಇವರಿಗೆ’ ಎಂದು ಪಂಚಾಯಿತಿ ಅಧ್ಯಕ್ಷರು ಹೇಳಿಬಿಟ್ಟರು. ಗಿಡಮೂಲಿಕೆ ಬಲ್ಲ ಅಜ್ಜಿಯೊಬ್ಬರು ತಮ್ಮ ಹೆಸರನ್ನು ಅಲ್ಲೇ ಹಿಂದಕ್ಕೆ ಪಡೆದರು. ಊರಿಗೆ ಆ ನಷ್ಟ ಇಂದಿಗೂ ತುಂಬಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಹಾಜರಿ ಸಹಿ ಮುಗಿದ ಮೇಲೆ ಹೆಸರು ಕರೆಯಿರಿ. ಪ್ರತಿ ಹೆಸರಿಗೂ ಒಬ್ಬ ಸೂಚಕರು, ಒಬ್ಬ ಅನುಮೋದಕರು ಇರಲಿ. ಹೆಸರಾದವರ ಒಪ್ಪಿಗೆಯನ್ನು ಅವರ ಬಾಯಲ್ಲೇ ಕೇಳಿ. ಗಂಡ ಎದ್ದು ‘ಅವಳಿಗೆ ಒಪ್ಪಿಗೆ’ ಎಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ಹೆಸರಾದರೆ ಅವಿರೋಧ ಆಯ್ಕೆ. ಒಂದಕ್ಕಿಂತ ಹೆಚ್ಚಾದರೆ ಚೀಟಿಯಲ್ಲಿ ಗುಟ್ಟಾಗಿ ಮತ ಹಾಕಿಸಿ. ಕೈ ಎತ್ತಿಸುವುದು ಬೇಗ ಮುಗಿಯುತ್ತದೆ, ನಿಜ. ಆದರೆ ಜಮೀನು ಕೊಟ್ಟ ಒಡೆಯನ ಎದುರು ಗೇಣಿದಾರನ ಕೈ ಸ್ವತಂತ್ರವಾಗಿ ಏಳುವುದಿಲ್ಲ. ಚೀಟಿಗಳನ್ನು ಎಲ್ಲರ ಕಣ್ಣೆದುರು ಎಣಿಸಿ, ಯಾರಿಗೆಷ್ಟು ಎಂಬುದನ್ನು ಅಂಕಿಯಲ್ಲಿ ಬರೆಯಿರಿ. ನಿರ್ಣಾಯಕ ಮತ ಬಿದ್ದಿದ್ದರೆ ಅದನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ.

ಜೆರಾಕ್ಸ್ ಅಂಗಡಿಯಲ್ಲೋ ವಾಟ್ಸ್ಆ್ಯಪ್‌ನಲ್ಲೋ ಸಿಗುವ ಸಿದ್ಧ ಠರಾವಿನ ನಮೂನೆ ಬೇಡವೇ ಬೇಡ. ಖಾಲಿ ಜಾಗದಲ್ಲಿ ಹೆಸರು ತುಂಬಿ ಸಹಿ ಹಾಕಿಸಿದರೆ ಆಯಿತು ಎಂಬ ಕಾಗದಗಳು ಅವು. 2020ರ ಜನವರಿ ಮುಗಿಯುವುದರೊಳಗೆ ಎಲ್ಲೆಡೆ ಸಮಿತಿಗಳಾಗಬೇಕು, ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತ್ತು. ಆ ಅವಸರದಲ್ಲಿ ಕಾಗದದ ಮೇಲಷ್ಟೇ ಹುಟ್ಟಿದ ಸಮಿತಿಗಳಿವೆ. ತಮ್ಮ ಹೆಸರು ಪಟ್ಟಿಯಲ್ಲಿದೆ ಎಂದೇ ಗೊತ್ತಿಲ್ಲದ ಸದಸ್ಯರನ್ನು ನಾನು ಭೇಟಿಯಾಗಿದ್ದೇನೆ.

ಯಾರನ್ನು ಆರಿಸಬೇಕು? ಊರಿನ ಬೆಟ್ಟ, ಕೆರೆ, ಕಾನು ನಡೆದು ಬಲ್ಲವರನ್ನು. ಈ ಸಮಿತಿಯ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿ. ಯಾವ ಹೊಳೆದಂಡೆಯಲ್ಲಿ ಯಾವ ಅಪ್ಪೆಮಿಡಿ ಮರವಿದೆ, ಯಾವ ಭತ್ತದ ತಳಿ ಯಾರ ಗದ್ದೆಯಲ್ಲಿ ಉಳಿದಿದೆ ಎಂಬುದು ಅದರಲ್ಲಿ ಬರಬೇಕು. ಅಧ್ಯಕ್ಷರಿಗೆ ಅದು ಗೊತ್ತಿಲ್ಲದಿದ್ದರೆ, ಪಕ್ಕದ ಊರಿನ ಪಟ್ಟಿಗೇ ಹೊಸ ರಟ್ಟು ಹಾಕಿ ಮಾರುವವರ ರೆಡಿಮೇಡ್ ಪುಸ್ತಕ ಪಂಚಾಯಿತಿಯ ಕಪಾಟು ಸೇರುತ್ತದೆ. ವ್ಯಾಪಾರಕ್ಕಾಗಿ ಕಾಡುತ್ಪನ್ನ ಒಯ್ಯುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವೂ ಜೀವವೈವಿಧ್ಯ ಕಾಯ್ದೆಯ 41ನೇ ಪ್ರಕರಣದಲ್ಲಿ ಇದೇ ಸಮಿತಿಗಿದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಂಥ ಮರಗಳಿರುವ ಊರು ಅದೊಂದೇ ಅಲ್ಲ, ನಮ್ಮಲ್ಲೂ ಇವೆ ಎಂದು ಗುರುತಿಸಿ ಹೇಳುವವರು ಬೇಕು.

2004ರ 22ನೇ ನಿಯಮ ಅಧ್ಯಕ್ಷರಿಗೆ ಕೊಟ್ಟಿದ್ದ ಅವಧಿ 3 ವರ್ಷ. ಪಂಚಾಯಿತಿ ಅಧ್ಯಕ್ಷರು ಬದಲಾದರು ಎಂದು ಇವರನ್ನೂ ಇಳಿಸುವಂತಿಲ್ಲ. ಸಭೆ ಮುಗಿಯುವ ಮೊದಲೇ ನಡಾವಳಿಯನ್ನು ಓದಿಸಿ, ಹಾಜರಿದ್ದ ಎಲ್ಲರ ಸಹಿ ತೆಗೆದುಕೊಳ್ಳಿ. ಒಂದು ಪ್ರತಿಯನ್ನು ಅದೇ ದಿನ ನೋಟಿಸ್ ಬೋರ್ಡಿಗೆ ಹಚ್ಚಿ, ಇನ್ನೊಂದನ್ನು ಹೊಸ ಅಧ್ಯಕ್ಷರ ಕೈಗೇ ಕೊಡಿ.