ಉಪ್ಪಳದಿಂದ ಕೊಚ್ಚಿಗೆ ಲಾರಿ: ಡ್ರೈವರ್ ನಿದ್ದೆಗೆಡದ ಹಾಗೆ ಟ್ರಿಪ್ ಹಾಕುವುದು ಹೇಗೆ

ಮಂಗಳೂರಿನ ಪಣಂಬೂರಿನಲ್ಲಿ ಲೋಡು, ಕೊಚ್ಚಿಯಲ್ಲಿ ಅನ್‌ಲೋಡು. ಉಪ್ಪಳ, ಕುಂಬಳೆ ಕಡೆ ಐದಾರು ಲಾರಿ ಇಟ್ಟುಕೊಂಡ ಧನಿಗಳಿಗೆ ಇದು ಮಾಮೂಲಿ ಟ್ರಿಪ್. ಮಧ್ಯಾಹ್ನ ಎರಡಕ್ಕೆ ಡ್ರೈವರ್ ಲಾರಿ ಹತ್ತಬೇಕು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಟಿಯ ಗೋಡೌನಿನಲ್ಲಿ ಮಾಲು ಇರಬೇಕು. ಈ ಒಂದು ಟ್ರಿಪ್ಪನ್ನೇ ಬಿಡಿಸಿ ನೋಡಿ.

ಬೆಳಿಗ್ಗೆ ಆರಕ್ಕೆ ಎದ್ದ ಡ್ರೈವರ್ ಎರಡಕ್ಕೆ ಹೊರಟು ಲೋಡಿಂಗ್ ಸಾಲಿನಲ್ಲಿ ನಿಲ್ಲುತ್ತಾರೆ. ಲೋಡಾಗಿ, ಟಾರ್ಪಾಲು ಬಿಗಿದು, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಕೈಗೆ ಬರುವಾಗ ರಾತ್ರಿ ಎಂಟೂವರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲೋಡು ಲಾರಿಗೆ ಗಂಟೆಗೆ ಸರಾಸರಿ 35 ಕಿ.ಮೀ. ಹಿಡಿಯಿರಿ. ಹನ್ನೊಂದಕ್ಕೆ ಲಾರಿ ಕಾಞಂಗಾಡಿನ ಆಸುಪಾಸಿನಲ್ಲಿರುತ್ತದೆ, ಡ್ರೈವರ್ ಎದ್ದು 17 ಗಂಟೆಯಾಗಿರುತ್ತದೆ. ಅಷ್ಟು ಹೊತ್ತು ನಿದ್ದೆಯಿಲ್ಲದವರ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯ ಇರುವವರಷ್ಟೇ ಕುಂದಿರುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಊದಿಸುವ ಮೀಟರು ಮಾತ್ರ ಸೊನ್ನೆ ತೋರಿಸುತ್ತದೆ. ಕಲ್ಲಿಕೋಟೆ ಹತ್ತಿರವಾಗುವಾಗ ಮೂರೂವರೆ. ಮೈ ತಾನಾಗಿ ನಿದ್ದೆ ಬೇಡುವ, ಎರಡರಿಂದ ಆರರ ನಡುವಿನ ಹೊತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಲಾರಿ 67 ಮೀಟರ್ ಮುಂದಕ್ಕೆ ಹೋಗಿರುತ್ತದೆ.

ಕಾನೂನು ಏನು ಹೇಳುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಹಾಕಿದ ಲೆಕ್ಕ ಹೀಗಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟಿಗೆ ಅಧಿಕಾರಿಗಳ ಒಪ್ಪಿಗೆ ಪಡೆದರೆ 10 ಮತ್ತು 54. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ಮೊದಲು ಸತತ 9 ಗಂಟೆ ವಿಶ್ರಾಂತಿ. ಬಿಡುವೂ ಸೇರಿ ಇಡೀ ದಿನದ ಹರವು 12 ಗಂಟೆ ಮೀರಬಾರದು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 8 ಗಂಟೆಯ ಮಿತಿ, ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಹಾಗೆಯೇ ಉಳಿದಿವೆ. ಟ್ರಿಪ್ ಹಾಕಲು ಮೇಲಿನ ಹಳೆಯ ಅಂಕಿಗಳೇ ಒಳ್ಳೆಯ ಅಳತೆಗೋಲು.

ಇಲ್ಲಿ ಒಂದು ಸಂದು ಇದೆ, ಬಹಳ ಜನ ಧನಿಗಳಿಗೆ ಅದು ಚೆನ್ನಾಗಿಯೇ ಗೊತ್ತು. ಟರ್ಮಿನಲ್ಲಿನಲ್ಲಿ ಸುಮ್ಮನೆ ಕಾಯುವುದು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೆಲಸದ ಸಮಯಕ್ಕೆ ಸೇರುತ್ತದೆ. ಆರು ಗಂಟೆ ಸಾಲಿನಲ್ಲಿ ನಿಂತದ್ದು 'ರೆಸ್ಟು' ಆಗಿಬಿಡುವುದು ಹೀಗೆ. ಆದರೆ 12 ಗಂಟೆಯ ಹರವಿನಿಂದ ಅದನ್ನು ತೆಗೆಯಲಾಗದು. ಆ 12ನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ: ಎರಡಕ್ಕೆ ಹತ್ತಿದವರ ದಿನ ರಾತ್ರಿ ಎರಡಕ್ಕೆ ಮುಗಿಯಿತು. ಆಗ ಲಾರಿ ಕಲ್ಲಿಕೋಟೆಯನ್ನೂ ಮುಟ್ಟಿರುವುದಿಲ್ಲ.

ಸರಿಯಾದ ದಾರಿ ಲೋಡಿಂಗನ್ನೂ ಓಟವನ್ನೂ ಬೇರೆ ಮಾಡುವುದು. ಊರಿನಲ್ಲೇ ಇರುವ ಇನ್ನೊಬ್ಬ ಡ್ರೈವರ್ ಲಾರಿಯನ್ನು ಪಣಂಬೂರಿಗೆ ಒಯ್ದು, ಲೋಡು ಮಾಡಿಸಿ, ಉಪ್ಪಳದ ಯಾರ್ಡಿಗೆ ತಂದು ನಿಲ್ಲಿಸಲಿ. ಅವರಿಗೂ ಹೆವಿ ಲೈಸೆನ್ಸ್ ಬೇಕು, ಕ್ಲೀನರ್ ಕೈಗೆ ಸ್ಟೀರಿಂಗ್ ಕೊಡಬೇಡಿ. ದೂರ ಹೋಗುವವರು ಮನೆಯಲ್ಲೇ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡಲಿ. ಕಲ್ಲಿಕೋಟೆಗೆ ಸುಮಾರು 200 ಕಿ.ಮೀ.; ಕಣ್ಣೂರು ದಾಟಿ ಅರ್ಧ ಗಂಟೆ ಊಟ-ಚಾಯ ಸೇರಿಸಿದರೂ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ತಲುಪುತ್ತಾರೆ. ಮುಂದೆ ಒಂದೂವರೆ ಗಂಟೆ ಓಡಿಸಿ ನಿಲ್ಲಿಸಲಿ. ಉಳಿದದ್ದು ಮರುದಿನ ಮುಂಜಾನೆ. ಕೊಚ್ಚಿಯವರೆಗಿನ ಸುಮಾರು 400 ಕಿ.ಮೀ.ಗೆ 35ರ ಸರಾಸರಿಯಲ್ಲಿ ಹನ್ನೊಂದೂವರೆ ಗಂಟೆ ಬೇಕು. ರಸ್ತೆ ಚೆನ್ನಾಗಿ 45 ಸಿಕ್ಕಿದರೂ ಒಂಬತ್ತು. ಅಂದರೆ ಒಬ್ಬರೇ ಡ್ರೈವರ್ ಒಂದೇ ದಿನದಲ್ಲಿ 8 ಗಂಟೆಯೊಳಗೆ ಮುಟ್ಟಿಸುವುದು ಆಗದ ಮಾತು. ಪಾರ್ಟಿಗೆ ಅದನ್ನು ಬಾಡಿಗೆ ಮಾತಾಡುವಾಗಲೇ ಹೇಳಿ. ತುರ್ತು ಮಾಲಾದರೆ ಕಲ್ಲಿಕೋಟೆಯಲ್ಲಿ ಡ್ರೈವರ್ ಬದಲಿಸಿ. ಮಳೆಗಾಲದಲ್ಲಿ ಸರಾಸರಿಯಿಂದ ಇನ್ನೂ 5 ಕಿ.ಮೀ. ಕಳೆಯಿರಿ.

ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಬೇಕೆಂಬ ಕಡ್ಡಾಯ 2018ರಲ್ಲಿ ಹೋಯಿತು. ಇಬ್ಬರನ್ನು ಕಳಿಸಿದರೂ, ಓಡುವ ಕ್ಯಾಬಿನ್ನಿನಲ್ಲಿ ಮಾಡಿದ ನಿದ್ದೆಯನ್ನು ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಟ್ರಿಪ್ ಶೀಟಿನಲ್ಲಿ ಕಿ.ಮೀ., ಡೀಸೆಲ್, ಬಾಟಾ (ಡ್ರೈವರಿನ ಭತ್ಯೆ) ಇದ್ದೇ ಇರುತ್ತವೆ. ಇನ್ನು ನಾಲ್ಕು ಕಾಲಂ ಸೇರಿಸಿ: ಎಷ್ಟಕ್ಕೆ ಎದ್ದರು, ಎಷ್ಟಕ್ಕೆ ಲಾರಿ ಹತ್ತಿದರು, ಹಿಂದಿನ 24 ಗಂಟೆಯಲ್ಲಿ ಎಷ್ಟು ನಿದ್ದೆ, ಎಲ್ಲಿ ಹಾಲ್ಟ್. ನಿದ್ದೆ ಆರು ಗಂಟೆಗಿಂತ ಕಡಿಮೆ ಎಂದು ಬರೆದವರಿಗೆ ಕೀಲಿ ಕೊಡಬೇಡಿ, ಬಾಟಾವನ್ನೂ ಕಡಿಯಬೇಡಿ. ಕಡಿದರೆ ಮುಂದಿನ ಸಲದಿಂದ ಎಲ್ಲರೂ 'ಎಂಟು' ಎಂದೇ ಬರೆಯುತ್ತಾರೆ. 'ಬೇಗ ಮುಟ್ಟಿದರೆ ಐನೂರು ಜಾಸ್ತಿ' ಎಂಬುದನ್ನೂ ಇವತ್ತೇ ನಿಲ್ಲಿಸಿ.

ಜಿಪಿಎಸ್ ವರದಿಯಲ್ಲಿ ಎಲ್ಲರೂ ವೇಗ ನೋಡುತ್ತಾರೆ. ನೀವು ನೋಡಬೇಕಾದ್ದು ಇಗ್ನಿಷನ್ ಆಫ್ ಆಗಿದ್ದ ಉದ್ದ. ಸತತ 9 ಗಂಟೆ ಸಿಗದಿದ್ದರೆ ಆ ರಾತ್ರಿ ವಿಶ್ರಾಂತಿ ಆಗಿಲ್ಲ. ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ಆಫ್, ಆನ್, ನೂರು ಅಡಿ ಮುಂದೆ ಎಂದಿದ್ದರೆ ಅದು ಸಾಲಿನಲ್ಲಿ ನಿಂತ ಲಾರಿ, ಮಲಗಿದ ಡ್ರೈವರ್ ಅಲ್ಲ. 2025ರಲ್ಲಿ ಜಾರಿಯಾದ ನಿಯಮದಂತೆ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಹಾಗಾಗಿ ಎಂಜಿನ್ ಆನ್ ಇಟ್ಟೇ ಮಲಗಿರಲೂಬಹುದು, ಕೇಳಿ ತಿಳಿದುಕೊಳ್ಳಿ. ಗೋಡೆಗಳ ನಡುವೆ, ಶೆಡ್ಡಿನೊಳಗೆ ಹಾಗೆ ಮಲಗುವುದು ಬೇಡ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ದಾರಿಯಲ್ಲಿ ಆಕಳಿಕೆ, ಗೇರ್ ತಪ್ಪುವುದು, ಕಳೆದ ಎರಡು ಕಿ.ಮೀ. ನೆನಪಿಲ್ಲದಿರುವುದು ಕಂಡರೆ ಗಾಜು ಇಳಿಸುವುದರಿಂದ, ಹಾಡು ಹಾಕುವುದರಿಂದ ಏನೂ ಆಗದು. ಪೆಟ್ರೋಲ್ ಪಂಪಿಗೆ ತಿರುಗಿಸಿ, ಒಂದು ಕಪ್ ಗಟ್ಟಿ ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗಬೇಕು. ಕಾಫಿ ಹಿಡಿಯುವುದಕ್ಕೂ ಅಷ್ಟೇ ಹೊತ್ತು ಬೇಕು. ಎದ್ದ ಮೇಲೆ ಮಂಪರು ಇಳಿಯಲು ಇನ್ನೊಂದು ಹತ್ತು ಹದಿನೈದು ನಿಮಿಷ. ಆ ಹೊತ್ತಿಗೆ ಟಯರು ತಟ್ಟಿ ನೋಡಲಿ. ಇದರಿಂದ ಸಿಗುವುದು ಹಾಲ್ಟ್ ಮುಟ್ಟುವಷ್ಟು ಎಚ್ಚರ, ರಾತ್ರಿಯಿಡೀ ಓಡಿಸುವಷ್ಟಲ್ಲ. ಶೀತಕ್ಕೆ ಮೆಡಿಕಲಿನವರು ಕೊಡುವ ಮಾತ್ರೆಗಳಲ್ಲಿ ಬಹಳಷ್ಟು ನಿದ್ದೆ ಬರಿಸುವಂಥವು, ಹೊರಡುವ ಮೊದಲು ಕೇಳಿ. ಜೋರು ಗೊರಕೆ, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಇರುವವರನ್ನು ಡಾಕ್ಟರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ಸ್ಲೀಪ್ ಆಪ್ನಿಯಾ ಇರಬಹುದು.

ಗ್ಯಾಸ್ ಟ್ಯಾಂಕರ್ ಇರುವವರು ಈ ಲೆಕ್ಕದಲ್ಲಿ ರಿಯಾಯಿತಿ ತೆಗೆದುಕೊಳ್ಳಲೇಬಾರದು. 2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ ಮಂಗಳೂರಿನಿಂದ ಹೊರಟ ಒಂದು ಟ್ಯಾಂಕರ್ ಮಗುಚಿದಾಗ 20 ಮಂದಿ ಸತ್ತರು, ಇದೇ ರಸ್ತೆ.

ಹಾಲ್ಟಿನ ಜಾಗ ಹೊರಡುವ ಮೊದಲೇ ಗೊತ್ತಿರಲಿ. ಸರ್ವಿಸ್ ರೋಡಿನ ಅಂಚಿನಲ್ಲಿ ನಿಲ್ಲಿಸಿ ಮಲಗಿದರೆ ಹಿಂದಿನಿಂದ ಬಂದವರು ಗುದ್ದುತ್ತಾರೆ. ಜಾಗವಿರುವ ಎರಡು ಮೂರು ಪಂಪಿನವರ ಹತ್ತಿರ ಆಫೀಸಿನಿಂದಲೇ ಮಾತಾಡಿ, ಡೀಸೆಲ್ ಅಲ್ಲೇ ಹಾಕಿಸಿದರೆ ಇಲ್ಲ ಎನ್ನುವವರು ಕಡಿಮೆ. ಪಾರ್ಟಿಗೆ ಡ್ರೈವರ್ ನಂಬರ್ ಕೊಡಬೇಡಿ, ಆಫೀಸಿನದು ಕೊಡಿ. ಮಲಗಿದ ಒಂಬತ್ತು ಗಂಟೆ 'ಎಲ್ಲಿದ್ದೀರಿ?' ಎಂದು ನೀವೂ ಫೋನ್ ಮಾಡಬೇಡಿ, ಜಿಪಿಎಸ್ ನೋಡಿಕೊಳ್ಳಿ.