ಹಳೇ ಟ್ರಕ್ಕಿನ ಹೌಸಿಂಗ್ ಕೂಗಿದಾಗ ನಾನು ಸದ್ದು ಹುಡುಕಿದ ರೀತಿ

ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವೆ ಗೇರುಗಳಿರುವ ಕಬ್ಬಿಣದ ಕವಚ) ಕೂಗುತ್ತಿದೆ ಅಂದ ಕೂಡಲೇ "ಕ್ರೌನ್-ಪಿನಿಯನ್ ಹೋಗಿದೆ, ಬದಲಾಯಿಸಿಬಿಡಿ" ಅನ್ನುವವರೇ ಜಾಸ್ತಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದನೆಯ ಪ್ರೊಪೆಲರ್ ಶಾಫ್ಟ್ ತಿರುಗಿಸುವ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್. ನನ್ನ ಟ್ರಕ್ಕಿಗೂ ಇದೇ ಮಾತು ಬಂತು. ಗಾಡಿ ಹಳೆಯದು, ಆ ಮಾಡೆಲ್ಲಿನ ಬಿಡಿಭಾಗ ಕಂಪನಿಯಿಂದ ಬರುವುದು ನಿಂತು ಎಷ್ಟೋ ಕಾಲವಾಗಿದೆ. ಏನು ಹೋಗಿದೆ ಅಂತ ಗೊತ್ತಿಲ್ಲದೆ ಎಲ್ಲ ಬಿಚ್ಚಿ ಹರಡಿಕೊಂಡರೆ ಗಾಡಿ ಅಲ್ಲೇ ಕೂತುಬಿಡುತ್ತದೆ. ಅದಕ್ಕೇ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಗಾಡಿ ಓಡಿಸಿಯೇ ಸದ್ದಿನ ಮೂಲ ಹಿಡಿಯಬೇಕು ಅಂತ ನಿರ್ಧರಿಸಿದೆ.

ಮೊದಲು ಸದ್ದು ಗೇರ್‌ಬಾಕ್ಸಿನದಲ್ಲ ಅಂತ ಖಾತ್ರಿ ಮಾಡಿಕೊಂಡೆ. ಇದು ಸುಲಭ. ಒಂದೇ ವೇಗದಲ್ಲಿ, ಉದಾಹರಣೆಗೆ 40 ಕಿ.ಮೀ.ನಲ್ಲಿ, ಗೇರ್ ಬದಲಿಸಿ ಓಡಿಸಿ ನೋಡುವುದು. ಇಂಜಿನ್ ಸುತ್ತು ಏರಿದರೂ ಇಳಿದರೂ ಸದ್ದು ಮಾತ್ರ ಹಾಗೇ ಇದ್ದರೆ, ಅದು ಗೇರ್‌ಬಾಕ್ಸಿನ ಆಚೆಗಿನದು. ನನ್ನದು ಹಾಗೇ ಇತ್ತು.

ಆಮೇಲೆ ಅದೇ ವೇಗದಲ್ಲಿ ನಾಲ್ಕು ಸ್ಥಿತಿಗಳಲ್ಲಿ ಕೇಳಿಸಿಕೊಂಡೆ. ಆಕ್ಸಿಲರೇಟರ್ ಒತ್ತಿ ಎಳೆಯುವಾಗ, ಸಮವಾಗಿ ಹೋಗುವಾಗ, ಗೇರಿನಲ್ಲೇ ಇಟ್ಟು ಕಾಲು ತೆಗೆದಾಗ, ಕೊನೆಗೆ ನ್ಯೂಟ್ರಲ್‌ನಲ್ಲಿ ಉರುಳುವಾಗ. ನ್ಯೂಟ್ರಲ್ ಪರೀಕ್ಷೆಯನ್ನು ಖಾಲಿ, ನೇರ, ಸಮತಟ್ಟು ರಸ್ತೆಯಲ್ಲಿ ಮಾತ್ರ ಮಾಡಬೇಕು, ಇಂಜಿನ್ ಆಫ್ ಮಾಡಲೇಬಾರದು. ಆಫ್ ಆದರೆ ಸ್ಟೀರಿಂಗಿಗೂ ಬ್ರೇಕಿಗೂ ಸಿಗುವ ಸಹಾಯ ನಿಂತುಹೋಗುತ್ತದೆ.

ನನಗೆ ಕೇಳಿದ್ದು ಒಂದು ಸದ್ದಲ್ಲ, ಎರಡು. ಒಂದು ದಪ್ಪನೆಯ ಗುರ್ ಸದ್ದು. ಅದು ನಾಲ್ಕೂ ಸ್ಥಿತಿಯಲ್ಲಿ ಇತ್ತು, ನ್ಯೂಟ್ರಲ್‌ನಲ್ಲೂ ಕಡಿಮೆಯಾಗಲಿಲ್ಲ. ಇನ್ನೊಂದು ತೆಳ್ಳಗೆ ಕೊಯ್ಯುವಂಥ ಕೂಗು. ಅದು ಕಾಲು ತೆಗೆದಾಗ ಮಾತ್ರ ಏಳುತ್ತಿತ್ತು. ಎರಡೂ ಸೇರಿ ಒಂದೇ ಗಲಾಟೆಯಾಗಿ ಕ್ಯಾಬಿನ್ ತುಂಬುತ್ತಿದ್ದರಿಂದ ಕೇಳಿದವರೆಲ್ಲ ಕ್ರೌನ್-ಪಿನಿಯನ್ ಕಡೆಗೇ ಬೆರಳು ತೋರಿಸುತ್ತಿದ್ದರು.

ಈ ದಪ್ಪ-ತೆಳು ವ್ಯತ್ಯಾಸಕ್ಕೆ ಲೆಕ್ಕವಿದೆ. ಟೈರು ಒಂದು ಸುತ್ತಿಗೆ ಸುಮಾರು 3 ಮೀಟರ್ ಉರುಳುತ್ತದೆ ಅಂತ ಇಟ್ಟುಕೊಳ್ಳಿ. 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 4ಕ್ಕಿಂತ ಕಡಿಮೆ ಸುತ್ತು ತಿರುಗುತ್ತದೆ. ನನ್ನ ಗಾಡಿಯ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 7. ರೇಶಿಯೋ 41/7, ಅಂದರೆ 5.86. ಹಾಗಾಗಿ ಪಿನಿಯನ್ ಅದೇ ಹೊತ್ತಿಗೆ ಸುಮಾರು 22 ಸುತ್ತು ತಿರುಗಿರುತ್ತದೆ. ಚಕ್ರದ ಜೊತೆ ತಿರುಗುವ ಹಬ್ (ಚಕ್ರದ ನಡುಭಾಗ) ಬೇರಿಂಗ್ ಗುರ್ ಅನ್ನುತ್ತದೆ, ಪಿನಿಯನ್ ಬೇರಿಂಗ್ ಕೂಗುತ್ತದೆ. ಕಿವಿಗೆ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಗುರ್ ಸದ್ದಿನ ಬೆನ್ನು ಹತ್ತುವ ಮೊದಲು ಟೈರ್ ನೋಡಲೇಬೇಕು. ಏರುಪೇರಾಗಿ ಸವೆದ ಟೈರು ಥೇಟ್ ಕೆಟ್ಟ ಬೇರಿಂಗಿನ ಹಾಗೇ ಸದ್ದು ಮಾಡುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಅನುಮಾನ ಅದರ ಮೇಲೆ. ಟೈರಿನ ಸದ್ದು ಡಾಂಬರಿನಿಂದ ಕಾಂಕ್ರೀಟಿಗೆ ಹೋದ ಕೂಡಲೇ ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ನನ್ನ ಸದ್ದು ರಸ್ತೆಗೆ ಕ್ಯಾರೇ ಅನ್ನಲಿಲ್ಲ. ಆದರೆ ನಿಧಾನವಾಗಿ ಬಲಕ್ಕೆ ತಿರುಗಿಸಿದಾಗ ಏರುತ್ತಿತ್ತು, ಎಡಕ್ಕೆ ತಿರುಗಿಸಿದಾಗ ಇಳಿಯುತ್ತಿತ್ತು. ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರದ ಮೇಲೆ ಬೀಳುತ್ತದಲ್ವಾ? ಎಡಗಡೆಯ ಹಬ್ ಅಂತ ಅಲ್ಲೇ ಗೊತ್ತಾಯಿತು.

ಆದರೂ ಕೈಯಲ್ಲಿ ಮುಟ್ಟಿ ನೋಡದೆ ನಂಬುವ ಜಾಯಮಾನ ನನ್ನದಲ್ಲ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಆಕ್ಸಲನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕಿಯನ್ನು ನಂಬಿ ಕೆಳಗೆ ಹೋಗಬೇಡಿ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಪಟ್ಟಿ ಸ್ಪ್ರಿಂಗಿನ ಮೇಲೆ ಇಡಬೇಕು. ಬಲಗಡೆ ಏನೂ ತಿಳಿಯಲಿಲ್ಲ. ಎಡಗಡೆ ಪಟ್ಟಿಯಲ್ಲಿ ಸಣ್ಣಗೆ ಕರಕರ ಅನ್ನುವ ನಡುಕ ಬೆರಳಿಗೆ ತಾಗಿತು. ಕಿವಿಗೆ ಕೇಳದ್ದು ಕೈಗೆ ಗೊತ್ತಾಗುವ ಜಾಗ ಇದೊಂದೇ. ಇಂಜಿನ್ ಚಾಲೂ ಮಾಡಿ ಚಕ್ರ ತಿರುಗಿಸಿ ಪರೀಕ್ಷಿಸುವವರೂ ಇದ್ದಾರೆ. ಒಂದು ಮಾತು ನೆನಪಿರಲಿ: ಒಂದು ಚಕ್ರ ನಿಂತಿದ್ದು ಇನ್ನೊಂದು ಮಾತ್ರ ತಿರುಗುತ್ತಿದ್ದರೆ, ಮೀಟರ್ ತೋರಿಸುವ ವೇಗದ ಎರಡರಷ್ಟು ವೇಗದಲ್ಲಿ ಅದು ತಿರುಗುತ್ತಿರುತ್ತದೆ. ನಾನಂತೂ ಆ ಸಾಹಸಕ್ಕೆ ಹೋಗಲಿಲ್ಲ.

ಅಲ್ಲೇ ಕೆಳಗಿರುವಾಗ ಪ್ರೊಪೆಲರ್ ಶಾಫ್ಟಿನ ಜಾಯಿಂಟ್‌ಗಳನ್ನೂ ನೋಡಿದೆ. ಜಾಯಿಂಟಿನ ನಡುವಿನ ಅಡ್ಡ ತುಂಡಾದ ಕ್ರಾಸಿನ ಕಪ್‌ಗಳ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಸತ್ತಿದೆ ಅಂತ ಅರ್ಥ. ಶಾಫ್ಟನ್ನು ನಡುವೆ ಹೊರುವ ಸೆಂಟರ್ ಬೇರಿಂಗಿನ ರಬ್ಬರನ್ನೂ ನೋಡಿದೆ. ಇವೆರಡೂ ನನ್ನ ಗಾಡಿಯಲ್ಲಿ ಸರಿ ಇದ್ದವು.

ನನ್ನದು ಫುಲ್ ಫ್ಲೋಟಿಂಗ್ ಆಕ್ಸಲ್. ಗಾಡಿಯ ಭಾರ ಹೊರುವುದು ಹೌಸಿಂಗಿನ ತುದಿಯಲ್ಲಿರುವ ಎರಡು ಟೇಪರ್ ಬೇರಿಂಗು (ಓರೆ ರೋಲರ್‌ಗಳಿರುವ ಒಳಭಾಗ ಕೋನ್, ಹೊರಗಿನ ಬಳೆ ಕಪ್). ಆಕ್ಸಲ್ ಶಾಫ್ಟಿನ ಕೆಲಸ ಚಕ್ರ ತಿರುಗಿಸುವುದು ಮಾತ್ರ. ಹಾಗಾಗಿ ಚಕ್ರ ಬಿಚ್ಚದೆಯೇ ಶಾಫ್ಟನ್ನು ಎಳೆದು ತೆಗೆಯಬಹುದು. ಫ್ಲ್ಯಾಂಜಿನ (ಶಾಫ್ಟಿನ ತುದಿಯ ಅಗಲ ತಟ್ಟೆ) ನಟ್ಟು ಬಿಚ್ಚಿದರೂ ಸ್ಟಡ್ಡುಗಳ ಸುತ್ತ ಕೂತ ಸೀಳು ಕೋನ್‌ಗಳು ಸುಲಭಕ್ಕೆ ಬಿಡುವುದಿಲ್ಲ. ಫ್ಲ್ಯಾಂಜಿನ ನಡುವೆ ಹಿತ್ತಾಳೆ ತುಂಡು ಇಟ್ಟು ಸುತ್ತಿಗೆಯಲ್ಲಿ ಗಟ್ಟಿಯಾಗಿ ಹೊಡೆದರೆ ಅವು ಟಣ್ಣನೆ ಹಾರುತ್ತವೆ. ಕನ್ನಡಕ ಹಾಕಿಕೊಂಡೇ ಹೊಡೆಯಿರಿ. ಹಬ್ ನಟ್ಟು ಕೆಲವು ಗಾಡಿಗಳಲ್ಲಿ ಒಂದು ಕಡೆ ಉಲ್ಟಾ ಥ್ರೆಡ್ ಇರುತ್ತದೆ, ಬಲಪ್ರಯೋಗಕ್ಕೆ ಮುಂಚೆ ಅದನ್ನು ಗಮನಿಸಿ.

ಒಳಗಿನ ಬೇರಿಂಗಿನ ಕಪ್ಪನ್ನು ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಕಥೆಯೆಲ್ಲ ಕಾಣಿಸಿತು. ಒಂದು ಭಾಗದಲ್ಲಿ ಅಡ್ಡಡ್ಡ ಕಪ್ಪು ಗೆರೆಗಳು, ಒಂದರಿಂದ ಒಂದಕ್ಕೆ ಸಮ ದೂರ. ರೋಲರ್‌ಗಳ ನಡುವಿನ ಅಂತರವನ್ನು ಅಳೆದೆ, ಅಷ್ಟೇ ಇತ್ತು. ಗಾಡಿ ಬಹಳ ಕಾಲ ನಿಂತಲ್ಲೇ ನಿಂತು, ಗ್ರೀಸಿಗೆ ನೀರು ಸೇರಿ, ರೋಲರ್ ಒತ್ತಿದ ಜಾಗದಲ್ಲೇ ತುಕ್ಕು ಕಚ್ಚಿತ್ತು. ಆಮೇಲೆ ಓಡಿಸಿದಾಗ ಆ ಗೆರೆಗಳ ಹತ್ತಿರದಿಂದ ಉಕ್ಕು ಚಕ್ಕೆಯಾಗಿ ಎದ್ದಿದೆ. ಉಗುರು ಆಡಿಸಿದರೆ ಗುಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ಇಂಥ ಕಪ್ಪನ್ನು ಉಜ್ಜಿ ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ.

ಬೇರಿಂಗ್ ಹುಡುಕುವುದು ಅಂದುಕೊಂಡಷ್ಟು ಕಷ್ಟವಲ್ಲ. ಟ್ರಕ್ಕಿನ ಪಾರ್ಟ್ ನಂಬರ್ ಹಿಡಿದು ಹೋದರೆ "ಬರಲ್ಲ" ಅನ್ನುತ್ತಾರೆ. ಬೇರಿಂಗಿನ ಮೈಮೇಲೆ ಕೊರೆದ ನಂಬರ್ ಹಿಡಿದು ಹೋದರೆ ಕಪಾಟಿನಿಂದ ತೆಗೆದು ಕೊಡುತ್ತಾರೆ. ಟ್ರಕ್ ತಯಾರಿಸಿದವರು ಬೇರಿಂಗನ್ನು ತಾವೇ ಮಾಡುವುದು ಅಪರೂಪ, ಎಲ್ಲರೂ ಬಳಸುವ ಅಳತೆಯದನ್ನೇ ತಂದು ಹಾಕಿರುತ್ತಾರೆ. ಈ ನಂಬರನ್ನು ಓದಲೂ ಬರುತ್ತದೆ. 32213 ಅಂತ ಇದ್ದರೆ ಕೊನೆಯ 13ನ್ನು 5ರಿಂದ ಗುಣಿಸಿ, ಒಳಗಿನ ತೂತು 65 ಮಿ.ಮೀ. ಅದರ ಹೊರ ವ್ಯಾಸ 120, ದಪ್ಪ 32.75 ಮಿ.ಮೀ. ಇಂಚಿನ ಲೆಕ್ಕದ ಬೇರಿಂಗಿನಲ್ಲಿ ಕೋನಿಗೆ ಒಂದು ನಂಬರ್, ಕಪ್ಪಿಗೆ ಇನ್ನೊಂದು. ಎಲ್‌ಎಂ501349 ಕೋನಿಗೆ ಎಲ್‌ಎಂ501310 ಕಪ್ ಇದ್ದ ಹಾಗೆ. ಎರಡನ್ನೂ ಬರೆದುಕೊಳ್ಳಬೇಕು. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್‌ನಲ್ಲಿ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರನ್ನೂ ಅಳೆದರೆ ಪಟ್ಟಿಯಲ್ಲಿ ಸಿಗುತ್ತದೆ. ಹಳೇ ಕಪ್ಪಿಗೆ ಹೊಸ ಕೋನ್ ಹಾಕುವ ಉಳಿತಾಯ ಮಾತ್ರ ಬೇಡ.

ಮಾಡೆಲ್ ವರ್ಷ ಹೇಳಿ ಸಾಮಾನು ಕೇಳುವುದನ್ನು ನಾನು ಬಿಟ್ಟೇಬಿಟ್ಟೆ. ಹಳೇ ಗಾಡಿಯಲ್ಲಿ ಯಾವ ಕಾಲದಲ್ಲಿ ಯಾರು ಯಾವ ಆಕ್ಸಲ್ ಹಾಕಿದ್ದಾರೋ ಯಾರಿಗೆ ಗೊತ್ತು? ಪುಸ್ತಕ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು ಹೇಳುತ್ತದೆ. ನಾನು ಕಬ್ಬಿಣದ ಮಾತು ಕೇಳುತ್ತೇನೆ.

ಹಬ್ ಜೋಡಿಸುವಾಗ ಚಕ್ರ ತಿರುಗಿಸುತ್ತಾ ನಟ್ ಬಿಗಿದು, ಆಮೇಲೆ ಸ್ವಲ್ಪ ಸಡಿಲಿಸಿ, ಡಯಲ್ ಗೇಜ್ ಇಟ್ಟು ನೋಡಿದೆ. ಭಾರಿ ಗಾಡಿಗಳ ಹಬ್‌ಗೆ 0.025ರಿಂದ 0.125 ಮಿ.ಮೀ.ವರೆಗಿನ ಪ್ಲೇ (ಅಲುಗಾಟ) ಸಾಮಾನ್ಯ. ಗುರ್ ಸದ್ದು ಪೂರ್ತಿ ಹೋಯಿತು. ಈಗ ಕಾಲು ತೆಗೆದಾಗ ಬರುವ ಕೂಗೊಂದೇ ಸ್ಪಷ್ಟವಾಗಿ ಕೇಳತೊಡಗಿತು.

ಎಳೆಯುವಾಗ ಇಲ್ಲದ ಸದ್ದು ಕಾಲು ತೆಗೆದಾಗ ಯಾಕೆ? ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ನನ್ನು ಬಲ ಒಂದು ದಿಕ್ಕಿಗೆ ದೂಡುತ್ತದೆ, ಕಾಲು ತೆಗೆದಾಗ ಚಕ್ರವೇ ಇಂಜಿನ್ನನ್ನು ತಿರುಗಿಸುವುದರಿಂದ ಬಲ ಎದುರು ದಿಕ್ಕಿಗೆ ಬೀಳುತ್ತದೆ. ಬೇರಿಂಗ್ ಸವೆದು ಸಡಿಲವಾಗಿದ್ದರೆ ಪಿನಿಯನ್ ಜರುಗಿ, ಹಲ್ಲುಗಳು ಕೂಡುವ ಜಾಗವೇ ತಪ್ಪುತ್ತದೆ. ಪ್ರೊಪೆಲರ್ ಶಾಫ್ಟ್ ಬಿಚ್ಚಿ ಪಿನಿಯನ್ ಫ್ಲ್ಯಾಂಜನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ, ಕೈಗೇ ಪ್ಲೇ ಸಿಕ್ಕಿತು. ತಿರುಗಿಸಿದಾಗ ಇರುವ ಆಟ ಬೇರೆ, ಅದು ಹಲ್ಲುಗಳ ನಡುವಿನದು, ಸ್ವಲ್ಪ ಇರಲೇಬೇಕು. ಹಿಂದೆ ಮುಂದೆ ಮಾತ್ರ ಒಂದಿಷ್ಟೂ ಇರಬಾರದು.

ಆಯಿಲ್ ಇಳಿಸುವ ಮುಂಚೆ ತುಂಬುವ ಬೋಲ್ಟ್ ಬಿಚ್ಚಿ ನೋಡಿ. ಅದು ಜಾಮ್ ಆಗಿದ್ದರೆ, ಇಳಿಸಿದ ಮೇಲೆ ಮತ್ತೆ ತುಂಬುವುದಕ್ಕೆ ಪರದಾಡಬೇಕಾಗುತ್ತದೆ. ಡ್ರೈನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಹೆದರಬೇಕಿಲ್ಲ. ನನ್ನದರಲ್ಲಿ ಪೇಸ್ಟಿನ ನಡುವೆ ಹೊಳೆಯುವ ತೆಳು ಚಕ್ಕೆಗಳಿದ್ದವು. ಹಲ್ಲು ಮುರಿದಿದ್ದರೆ ದಪ್ಪ, ಮೊನಚು ತುಂಡು ಸಿಗಬೇಕು. ತೆಳು ಚಕ್ಕೆ ಅಂದರೆ ಬೇರಿಂಗಿನದಿರುವ ಸಾಧ್ಯತೆ ಹೆಚ್ಚು.

ಕ್ರೌನ್-ಪಿನಿಯನ್ ಕೂತಿರುವ ಡಿಫರೆನ್ಶಿಯಲ್ ಕೆಳಗಿಳಿಸಿ, ಬಿಚ್ಚುವ ಮೊದಲು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆ ಆಟ) ಅಳೆದು ಬರೆದಿಟ್ಟೆ. ಸೈಡ್ ಬೇರಿಂಗ್ ಕ್ಯಾಪುಗಳಿಗೆ ಎಡ, ಬಲ ಅಂತ ಗುರುತು ಹಾಕಿದೆ. ಕ್ಯಾಪುಗಳನ್ನು ಬಾಡಿಯ ಜೊತೆಗೇ ಕೊರೆದಿರುತ್ತಾರೆ, ಅದಲು ಬದಲಾದರೆ ಸರಿಯಾಗಿ ಕೂರುವುದಿಲ್ಲ. ನಿರೀಕ್ಷಿಸಿದಂತೆ ಪಿನಿಯನ್ನಿನ ಹೊರಗಿನ ಬೇರಿಂಗ್ ಹೋಗಿತ್ತು. ಕ್ರೌನ್-ಪಿನಿಯನ್ ಹಲ್ಲುಗಳು ನಯವಾಗಿದ್ದವು, ಎಲ್ಲೂ ಗುಂಡಿ ಇರಲಿಲ್ಲ. ಬದಲಾಯಿಸಿಬಿಡಿ ಅಂದವರ ಮಾತು ಕೇಳಿದ್ದರೆ ಗಟ್ಟಿಮುಟ್ಟಾದ ಜೋಡಿಯನ್ನು ಗುಜರಿಗೆ ಹಾಕುತ್ತಿದ್ದೆ. ಅವೆರಡನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೊತೆ ಮಾಡಿರುತ್ತಾರೆ. ಹೋದರೆ ಎರಡನ್ನೂ ಒಟ್ಟಿಗೇ ಹಾಕಬೇಕು.

ಒಂದು ತೊಂದರೆ ಮಾತ್ರ ಹೊಸದಾಗಿ ಸಿಕ್ಕಿತು. ಒಳಗಿನ ಸಣ್ಣ ಗೇರುಗಳನ್ನು ಹೊರುವ ಸ್ಪೈಡರ್ ಕ್ರಾಸ್ ಸವೆದು ಮೆಟ್ಟಿಲು ಬಿದ್ದಿತ್ತು, ಅದರ ವಾಷರ್‌ಗಳು ಕಾಗದದಷ್ಟು ತೆಳುವಾಗಿದ್ದವು. ಗೇರ್ ಹಾಕಿದಾಗ ಹಿಂದಿನಿಂದ ಟಕ್ ಅನ್ನುತ್ತಿದ್ದುದು ಇದೇ. ಇದಕ್ಕೆ ಬೇರಿಂಗಿನ ಹಾಗೆ ಎಲ್ಲೆಡೆ ಸಿಗುವ ನಂಬರ್ ಇಲ್ಲ. ಹಳೇ ಡಿಫರೆನ್ಶಿಯಲ್ ಹುಡುಕುವುದೊಂದೇ ದಾರಿ.

ಬಳಸಿದ ಡಿಫರೆನ್ಶಿಯಲ್ ಕೊಳ್ಳುವಾಗ ಹೊರಗಿನ ಬಾಡಿ ನೋಡಿ ಮರುಳಾಗಬೇಡಿ. ನನಗೆ ಸಿಕ್ಕಿದ್ದು ನೋಡಲು ನನ್ನದರ ಅವಳಿ. ಕ್ರೌನಿನ ಹಲ್ಲು ಎಣಿಸಿದರೆ ಅದರಲ್ಲೂ 41! ಆದರೆ ಪಿನಿಯನ್ನಿನಲ್ಲಿ 7 ಇರಲಿಲ್ಲ, 6 ಇತ್ತು. ರೇಶಿಯೋ 6.83 ಆಯಿತು. ಇಡೀ ಡಿಫರೆನ್ಶಿಯಲ್ಲನ್ನೇ ಹಾಕುವುದಾಗಿದ್ದರೆ ಅದೇ ವೇಗಕ್ಕೆ ಇಂಜಿನ್ ಹೆಚ್ಚು ಸುತ್ತಬೇಕಾಗುತ್ತಿತ್ತು, ಮೀಟರ್ ಕೂಡ ತಪ್ಪು ತೋರಿಸುತ್ತಿತ್ತು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ ರೇಶಿಯೋ ಹೊಂದಲೇಬೇಕು. ನನಗೆ ಬೇಕಿದ್ದದ್ದು ಸ್ಪೈಡರ್ ಭಾಗ ಮಾತ್ರ. ಕ್ರಾಸಿನ ಕಾಲುಗಳ ದಪ್ಪ ನನ್ನದಕ್ಕೆ, ಸೈಡ್ ಗೇರಿನ ಒಳಗಿನ ಸ್ಪ್ಲೈನ್ (ಹಲ್ಲಿನಂಥ ಗೀರುಗಳು) ನನ್ನ ಆಕ್ಸಲ್ ಶಾಫ್ಟಿಗೆ ಹೊಂದಿದವು. ಪಾಲಿಶ್ ಅಳಿಯದ ಕ್ರಾಸ್, ನೀರು ನಿಂತ ಗೆರೆಯಿಲ್ಲ. ತೆಗೆದುಕೊಂಡೆ.

ಆಕ್ಸಲ್ ಇನ್ನೂ ಗಾಡಿಯಲ್ಲೇ ಇದ್ದರೆ ಬಿಚ್ಚದೆಯೂ ರೇಶಿಯೋ ತಿಳಿಯಬಹುದು. ಒಂದು ಚಕ್ರ ನೆಲದ ಮೇಲಿರಲಿ, ಇನ್ನೊಂದನ್ನು ಎತ್ತಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಿತೋ ಅದೇ ರೇಶಿಯೋ. ಶಾಫ್ಟಿಗೆ ಸುಣ್ಣದ ಗೆರೆ ಹಾಕಿಕೊಂಡರೆ ಎಣಿಸಲು ಸುಲಭ.

ಜೋಡಣೆಯಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಪಿನಿಯನ್ ಪ್ರಿಲೋಡ್, ಅಂದರೆ ಬೇರಿಂಗ್ ಒಂದಿಷ್ಟೂ ಸಡಿಲವಿಲ್ಲದಂತೆ ಇಡುವ ಬಿಗಿತ. ಹಳೇ ಶಿಮ್‌ಗಳನ್ನೇ (ಅಂತರ ಹೊಂದಿಸುವ ತೆಳು ಬಿಲ್ಲೆಗಳು) ಹಾಕಿ, ಹೊಸ ನಟ್ ಬಿಗಿದು, ಸೀಲ್ ಹಾಕುವ ಮೊದಲು ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ಅಳೆದೆ. 6 ಸೆಂ.ಮೀ. ತ್ರಿಜ್ಯದಲ್ಲಿ 2 ಕೆ.ಜಿ. ಎಳೆತ ಅಂದರೆ 12 ಕೆ.ಜಿ.-ಸೆಂ.ಮೀ. ನಿಮ್ಮ ಗಾಡಿಗೆ ಎಷ್ಟಿರಬೇಕು ಅನ್ನುವುದು ಮ್ಯಾನುಯಲ್‌ನಲ್ಲಿರುತ್ತದೆ. ದಾರ ಒಂದೇ ಸಮ ಬಿಚ್ಚಿಕೊಳ್ಳುವಾಗಿನ ಅಂಕಿಯನ್ನು ಓದಬೇಕು, ಮೊದಲ ಜಗ್ಗಿನದನ್ನಲ್ಲ. ಬ್ಯಾಕ್‌ಲ್ಯಾಶನ್ನು ಬರೆದಿಟ್ಟ ಅಂಕಿಗೇ ತಂದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ನೋಡಿದೆ. ಹಲ್ಲಿನ ನಡುಭಾಗದಲ್ಲಿ ಬಿತ್ತು, ಸಾಕು. ಸೀಲ್‌ಗಳನ್ನು ಅಳತೆ ನೋಡಿ ತಂದಿದ್ದೆ. ಬ್ರೀದರ್ (ಹೌಸಿಂಗಿನ ಗಾಳಿ ಹೋಗುವ ತೂತು) ಮಣ್ಣು ಕಟ್ಟಿ ಮುಚ್ಚಿತ್ತು, ಬಿಚ್ಚಿ ತೊಳೆದೆ. ಅದು ಮುಚ್ಚಿದರೆ ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರಿ, ಆಯಿಲ್ ಬ್ರೇಕ್ ಲೈನರ್‌ಗೆ ಹೋಗುತ್ತದೆ. ಹೈಪಾಯ್ಡ್ ಗೇರಿಗೆ (ಪಿನಿಯನ್ ಕ್ರೌನಿನ ನಡುರೇಖೆಯಿಂದ ಸರಿದು ಕೂರುವ ಬಗೆ) ಜಿಎಲ್-5 ದರ್ಜೆಯ ಆಯಿಲ್ಲೇ ಬೇಕು, ಹಲ್ಲುಗಳು ಒಂದರ ಮೇಲೊಂದು ಜಾರುವಾಗ ಸವೆತ ತಡೆಯುವ ಶಕ್ತಿ ಅದಕ್ಕಿದೆ.

ಮೊದಲ ಓಟದಲ್ಲಿ ಆಗಾಗ ನಿಲ್ಲಿಸಿ ಪಿನಿಯನ್ ಬೇರಿಂಗಿನ ಹೊರಭಾಗವನ್ನು ಮುಟ್ಟಿ ನೋಡಿದೆ. ಬಿಸಿ ಇತ್ತು, ಕೈ ಇಡುವಷ್ಟೇ ಇತ್ತು. ಕೈ ಇಡಲಾರದಷ್ಟು ಕಾದರೆ ಪ್ರಿಲೋಡ್ ಜಾಸ್ತಿಯಾಗಿದೆ ಅಂತ. ಕಾಲು ತೆಗೆದಾಗ ಬರುತ್ತಿದ್ದ ಕೂಗು ಹೋಯಿತು, ಟಕ್ ಸದ್ದೂ ಹೋಯಿತು. ಲೋಡ್ ಎಳೆಯುವಾಗ ಒಂದು ವೇಗದಲ್ಲಿ ಸಣ್ಣ ಗುನುಗು ಉಳಿದಿದೆ. ಅಷ್ಟು ಓಡಿದ ಹಲ್ಲುಗಳಿಗೆ ಅದು ಸಹಜ, ಅದನ್ನು ಕೆದಕಲು ಹೋಗಿಲ್ಲ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಅಯಸ್ಕಾಂತದ ಮೇಲೆ ಬೂದು ಪೇಸ್ಟ್ ಮಾತ್ರ ಇತ್ತು, ಚಕ್ಕೆ ಇರಲಿಲ್ಲ.